ಹೆಣ್ಣುಗಳೇ ತುಂಬಿದ ಕಣಜ ವಂಶ: ವೊಲ್ಬೇಕಿಯಾ ಕೈವಾಡ ಪತ್ತೆ ಹಚ್ಚುವ ಬಗೆ

ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಪುಟ್ಟ ಕೀಟ ಟ್ರೈಕೋಗ್ರಾಮ ಕಣಜ. ಅದನ್ನು ಸಾಕುವವರಿಗೆ ಒಮ್ಮೊಮ್ಮೆ ಬರೀ ಹೆಣ್ಣುಗಳೇ ಹುಟ್ಟುವ ವಂಶ ಸಿಗುತ್ತದೆ. ಅದು ಕೀಟದ ಸ್ವಂತ ಗುಣವೆಂದು ಬರೆದಿಡುವ ಮುನ್ನ, ಕೀಟದ ಜೀವಕೋಶಗಳೊಳಗೆ ಬಾಳುವ ವೊಲ್ಬೇಕಿಯಾ ಬ್ಯಾಕ್ಟೀರಿಯಾವನ್ನು ಹುಡುಕಿ. 1990ರಲ್ಲಿ ಸ್ಟೌಟಮರ್ ಮತ್ತು ಸಂಗಡಿಗರು ಇಂಥ ಹೆಣ್ಣುಗಳಿಗೆ ಪ್ರತಿಜೀವಕ ಉಣಿಸಿದಾಗ ಗಂಡುಗಳು ಹುಟ್ಟಿದ್ದವು.

ಒಂದೇ ತಾಯಿಯಿಂದ ವಂಶ ಕಟ್ಟಿ. ಕಣಜ ಹೊಕ್ಕ ಪತಂಗದ ಮೊಟ್ಟೆಗಳು ಕೆಲವೇ ದಿನಗಳಲ್ಲಿ ಕಪ್ಪಾಗುತ್ತವೆ. ಆಗ ಒಂದೊಂದನ್ನೂ ಒದ್ದೆ ಕುಂಚದ ತುದಿಯಿಂದ ಬಿಡಿಸಿ, ಬೇರೆ ಬೇರೆ ಗಾಜಿನ ನಳಿಕೆಗೆ ಹಾಕಿ, ಹತ್ತಿಯಿಂದ ಬಾಯಿ ಮುಚ್ಚಿ. ಈ ಕೆಲಸದಲ್ಲಿ ನಾನು ಆತುರಪಡುವುದೇ ಇಲ್ಲ. ಒಡಹುಟ್ಟಿದ ಗಂಡು ಹೊರಬಂದ ಕೂಡಲೇ ಕೂಡಿಬಿಡುತ್ತದೆ. ಆಮೇಲೆ ಕೂಡದ ಹೆಣ್ಣು ಯಾವುದೆಂದು ಹೇಳಲಾಗದು. ಒಂದು ಮೊಟ್ಟೆಯಿಂದ ಎರಡು ಕಣಜ ಬಂದರೆ ಆ ನಳಿಕೆಯನ್ನು ಬಿಟ್ಟುಬಿಡಿ. ಸೂಕ್ಷ್ಮದರ್ಶಕದಲ್ಲಿ ಕುಡಿಮೀಸೆ ನೋಡಿ: ಉದ್ದ ರೋಮಗಳಿದ್ದರೆ ಗಂಡು, ತುದಿ ದಪ್ಪಗಿದ್ದರೆ ಹೆಣ್ಣು.

ಜೇನಿಗೆ ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಬೆರೆಸಿ ಗಾಜಿನ ಒಳಗೋಡೆಗೆ ತೆಳುವಾಗಿ ಸವರಿ. ಬರೀ ಜೇನುಂಡ ಸೋದರಿಯರು ಹೋಲಿಕೆಗಿರಲಿ. ಔಷಧಿಯುಂಡ, ಕೂಡದ ಹೆಣ್ಣುಗಳಿಗೆ ಮಾತ್ರ ಗಂಡುಮಕ್ಕಳಾದರೆ ಅನುಮಾನ ಬಲವಾಯಿತು. ಈ ಕಣಜಗಳಲ್ಲಿ ಫಲಿತವಾದ ಮೊಟ್ಟೆ ಹೆಣ್ಣಾಗುತ್ತದೆ. ಫಲಿತವಾಗದ ಮೊಟ್ಟೆಯಲ್ಲಿ ವರ್ಣತಂತುಗಳು ಒಂದೇ ಪ್ರತಿಯಲ್ಲಿರುತ್ತವೆ, ಅದು ಗಂಡಾಗಬೇಕು. ವೊಲ್ಬೇಕಿಯಾ ಇದ್ದರೆ ಮೊದಲ ವಿಭಜನೆಯಲ್ಲಿ ಇಮ್ಮಡಿಯಾದ ವರ್ಣತಂತುಗಳು ಬೇರಾಗದೆ ಒಂದೇ ಕೋಶಕೇಂದ್ರದಲ್ಲಿ ಉಳಿದು, ಮೊಟ್ಟೆ ಹೆಣ್ಣಾಗುತ್ತದೆ. ಎರಡೂ ಪ್ರತಿಗಳು ತದ್ರೂಪ! ಮುಖ್ಯವಾಗಿ ತಾಯಿಯ ಮೊಟ್ಟೆಯ ಮೂಲಕ ಸಾಗುವ ಬ್ಯಾಕ್ಟೀರಿಯಾ ಒಂದು ಪ್ರಾಣಿಯ ಆನುವಂಶಿಕ ವ್ಯವಸ್ಥೆಯನ್ನೇ ಹೀಗೆ ತಿರುಗಿಸಿಬಿಡುವುದು ನನಗೆ ಇಂದಿಗೂ ಬೆರಗು.

ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪಿಸಿಆರ್‌ ಪರೀಕ್ಷೆಯಲ್ಲಿ ವೊಲ್ಬೇಕಿಯಾದ ಹೊರಮೈ ಪ್ರೋಟೀನಿನ ಡಬ್ಲ್ಯುಎಸ್‌ಪಿ ಜೀನ್ ಹುಡುಕುವಾಗ ಕೀಟದ್ದೇ ಒಂದು ಜೀನನ್ನೂ ಪರೀಕ್ಷಿಸಿ. ಅದೂ ಕಾಣದಿದ್ದರೆ ಡಿಎನ್‌ಎ ಮಾದರಿಯೋ ಪರೀಕ್ಷೆಯೋ ಕೆಟ್ಟಿದೆ.

ಹಲವರು ಇಲ್ಲಿಗೆ ಮುಗಿಸುತ್ತಾರೆ. ನನ್ನ ಪ್ರಕಾರ ನಿಜವಾದ ಪ್ರಶ್ನೆ ಇನ್ನು ಮುಂದಿದೆ: ಈ ಹೆಣ್ಣುಗಳು ಇನ್ನೂ ಗಂಡಿನೊಡನೆ ಸಂತಾನ ಪಡೆಯಬಲ್ಲವೇ? ಔಷಧಿಯುಂಡ ಹೆಣ್ಣುಗಳಲ್ಲಿ ಕೆಲವನ್ನು ಅದೇ ವಂಶದ ಗಂಡುಗಳೊಂದಿಗೆ, ಕೆಲವನ್ನು ಅದೇ ಪ್ರಭೇದದ ಸೋಂಕಿಲ್ಲದ ವಂಶದ ಗಂಡುಗಳೊಂದಿಗೆ ಬಿಡಿ. ಹುಟ್ಟಿದ ಹೆಣ್ಣುಮಕ್ಕಳಲ್ಲಿ ತಾಯಿಯಲ್ಲಿಲ್ಲದ, ತಂದೆಯದೇ ಆದ ಜೀನ್ ಗುರುತು ಸಿಕ್ಕರೆ ಮೊಟ್ಟೆ ಫಲಿತವಾಗಿದೆ. ಔಷಧಿಯದೇ ದೋಷವೇನೋ ಎಂಬ ಸಂಶಯ ಉಳಿಯದಂತೆ ಸೋಂಕಿಲ್ಲದ ಹೆಣ್ಣುಗಳಿಗೂ ಅದನ್ನೇ ಉಣಿಸಿ ಕೂಡಿಸಿ ನೋಡಿ.

ಕೆಲವು ವಂಶಗಳಲ್ಲಿ ಯಾವ ಗಂಡಿನೊಡನೆ ಕೂಡಿದರೂ ಮೊಟ್ಟೆ ಫಲಿತವಾಗುವುದಿಲ್ಲ. ತಲೆಮಾರುಗಳಿಂದ ಬಳಕೆಯಿಲ್ಲದೆ ಫಲೀಕರಣದ ಸಾಮರ್ಥ್ಯವೇ ಅಲ್ಲಿ ನಶಿಸಿದೆ. ಬ್ಯಾಕ್ಟೀರಿಯಾ ಹೋದರೆ ಹೆಣ್ಣೂ ಇಲ್ಲ. ಆದ್ದರಿಂದ ಒಂದಷ್ಟು ನಳಿಕೆಗಳಿಗೆ ಔಷಧಿ ಸೋಕಿಸದೆ ಮೊದಲೇ ಬೇರೆ ಇಟ್ಟಿರಿ. ಎಲ್ಲಕ್ಕೂ ಉಣಿಸಿದರೆ ಇಡೀ ವಂಶವೇ ಕೈತಪ್ಪಬಹುದು.