ಸಟನ್ ಸ್ಕಾರ್ಸ್‌ಡೇಲ್: ಸೂರಿಲ್ಲದ ಮಹಲನ್ನು ನಾನು ನೋಡುವ ಕ್ರಮ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಚೆಸ್ಟರ್‌ಫೀಲ್ಡ್ ಪಟ್ಟಣದ ಸಮೀಪ, ಎಂ1 ಹೆದ್ದಾರಿಯಿಂದಲೇ ಕಾಣುವ ದಿಬ್ಬವೊಂದರ ಮೇಲೆ ಸಟನ್ ಸ್ಕಾರ್ಸ್‌ಡೇಲ್ ಹಾಲ್ ನಿಂತಿದೆ. ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ನಾನು, ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಬರೋಕ್ ಎಂಬ ಆಡಂಬರದ ಶೈಲಿಯಲ್ಲಿ ಕಟ್ಟಿದ ಈ ಪಾಳು ಮಹಲಿಗೆ ಕರೆದೊಯ್ಯುತ್ತೇನೆ. ಆದರೆ ನೇರವಾಗಿ ಅಲ್ಲಿಗೇ ಹೋಗುವುದಿಲ್ಲ. ಪಾಳುಬಿದ್ದ ಮನೆ ಅರ್ಥವಾಗಬೇಕಾದರೆ ಇಡಿಯಾಗಿ ಉಳಿದ ಮನೆಯೊಂದನ್ನು ಮೊದಲು ಕಣ್ತುಂಬ ನೋಡಿರಬೇಕೆಂಬುದು ನನ್ನ ಅನುಭವ.

ಆದ್ದರಿಂದ ಬೆಳಿಗ್ಗೆ ಹಾರ್ಡ್‌ವಿಕ್ ಹಾಲ್‌ಗೆ ಹೋಗುತ್ತೇವೆ. ಬೆಸ್ ಆಫ್ ಹಾರ್ಡ್‌ವಿಕ್ ಎಂದೇ ಹೆಸರಾದ ಸಿರಿವಂತೆ 1590ರ ದಶಕದಲ್ಲಿ ಕಟ್ಟಿಸಿದ, ಗೋಡೆಗಿಂತ ಗಾಜೇ ಹೆಚ್ಚೆಂದು ಜನ ಆಡಿಕೊಂಡ ಈ ಮನೆಯಲ್ಲಿ ಚಿತ್ರನೇಯ್ಗೆಯ ತೆರೆಗಳು ಇಂದಿಗೂ ಗೋಡೆಯ ಮೇಲಿವೆ. ಪಕ್ಕದಲ್ಲೇ ಆಕೆಯ ಹಳೆಯ ಮನೆ ಸೂರಿಲ್ಲದೆ ನಿಂತಿದೆ. ಅಲ್ಲಿ ಒಲೆಗೂಡಿನ ಮೇಲೆ ಗಾರೆಯಲ್ಲಿ ಮಾಡಿದ ದೈತ್ಯರ ಆಕೃತಿಗಳು ಉಳಿದಿರುವುದರಿಂದ, ಗೋಡೆಯ ಅಲಂಕಾರ ಎಲ್ಲಿ ಅಂಟಿಕೊಂಡಿರುತ್ತದೆ, ತೊಲೆಗಳು ಎಲ್ಲಿ ಕೂತಿರುತ್ತವೆ ಎಂಬುದು ಬಂದವರಿಗೆ ತಾನಾಗಿಯೇ ತಿಳಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಸಟನ್ ಸ್ಕಾರ್ಸ್‌ಡೇಲ್ ತಲುಪುತ್ತೇವೆ. ಅರ್ಲ್ ಎಂಬ ಶ್ರೀಮಂತ ಪದವಿ ಪಡೆದಿದ್ದ ನಾಲ್ಕನೆಯ ಸ್ಕಾರ್ಸ್‌ಡೇಲ್ ಅರ್ಲ್ ನಿಕೋಲಸ್ ಲೀಕ್‌ಗಾಗಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಸ್ಮಿತ್ 1724ರಲ್ಲಿ ಇದರ ಕೆಲಸ ಆರಂಭಿಸಿದ. ಒಳಗಿನ ಗಾರೆಗೆಲಸವನ್ನು ಇಟಲಿಯ ಕುಶಲಕರ್ಮಿಗಳು ಮಾಡಿದರು. ಮೊದಲು ಪೂರ್ವದ ಮುಖವನ್ನು ದೂರದಿಂದ ನೋಡಬೇಕು, ಏಕೆಂದರೆ ಗೀರುಗಳಿರುವ, ತುದಿಯಲ್ಲಿ ಎಲೆಗಳ ಕೆತ್ತನೆಯಿರುವ ಎತ್ತರದ ಕೊರಿಂಥಿಯನ್ ಕಂಬಗಳ ಗಾಂಭೀರ್ಯ ಹತ್ತಿರದಿಂದ ಸಿಗುವುದಿಲ್ಲ. ಆಮೇಲೆ ಗೋಡೆಗಳ ಸಮೀಪ ನಿಧಾನವಾಗಿ ನಡೆಯಬೇಕು. ಹೊರಗೆ ನಯವಾಗಿ ಕೆತ್ತಿದ ಮರಳುಗಲ್ಲು, ಒಳಗೆ ಬರೀ ಇಟ್ಟಿಗೆ. ಇಟ್ಟಿಗೆಯ ಮೇಲೆ ಅಲ್ಲಲ್ಲಿ ಅಂಗೈಯಗಲದ ಗಾರೆಯ ತುಣುಕು, ತುಣುಕಿನ ಅಂಚಿನಲ್ಲಿ ಬಳ್ಳಿಯ ಒಂದು ಸುರುಳಿ. ಮೇಲಂತಸ್ತಿನ ನೆಲವೇ ಇಲ್ಲದಿದ್ದರೂ ಒಲೆಗೂಡು ಗೋಡೆಯ ನಡುವೆ ತೂಗುತ್ತಿದೆ. ಹಂಪಿಯ ಗೋಪುರಗಳಲ್ಲಿ ಗಾರೆ ಉದುರಿ ಇಟ್ಟಿಗೆ ಹೊರಬಿದ್ದದ್ದನ್ನು ಕಂಡ ನಮ್ಮವರಿಗೆ ಇಲ್ಲಿನ ಕಟ್ಟುವ ರೀತಿ ಬೇಗ ಅರ್ಥವಾಗುತ್ತದೆ.

ಈ ಸ್ಥಿತಿಗೆ ಬೆಂಕಿಯಾಗಲಿ ಯುದ್ಧವಾಗಲಿ ಕಾರಣವಲ್ಲ ಎಂಬುದು ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ. 1919ರಲ್ಲಿ ಮಾರಾಟವಾದ ಮನೆಯನ್ನು ಕೊಂಡ ವ್ಯಾಪಾರಿಗಳು ಅದನ್ನು ಸಾಮಗ್ರಿಯ ಲೆಕ್ಕದಲ್ಲಿ ಬಿಚ್ಚಿ ಮಾರಿದರು. ಕೆಲವು ಕೋಣೆಗಳ ಮರದ ಹೊದಿಕೆ ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯವನ್ನು ಸೇರಿತು. ಮತ್ತೊಂದು ಕೋಣೆ ಕೈಯಿಂದ ಕೈಗೆ ದಾಟಿ ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಗ್ರಂಥಾಲಯಕ್ಕೆ ಹೋಯಿತು. ಉಳಿದ ಗೋಡೆಗಳೂ ನೆಲಸಮವಾಗಲಿದ್ದಾಗ, ಹತ್ತಿರದ ರೆನಿಷಾ ಹಾಲ್ ಎಂಬ ಮಹಲಿನ ಒಡೆಯ, ಲೇಖಕ ಆಸ್ಬರ್ಟ್ ಸಿಟ್ವೆಲ್ 1946ರಲ್ಲಿ ಕೊಂಡು ಉಳಿಸಿದರು. ಅವರು ಹಾಗೆ ಮಾಡದಿದ್ದರೆ ನಮಗೆ ನೋಡಲು ಪಕ್ಕದ ಸೇಂಟ್ ಮೇರಿ ಚರ್ಚು ಮಾತ್ರ ಇರುತ್ತಿತ್ತು.

ಕೊನೆಗೆ ಕಣಿವೆಯಾಚೆಯ ಬೋಲ್ಸೋವರ್ ಕೋಟೆ. 1612ರಲ್ಲಿ ಚಾರ್ಲ್ಸ್ ಕ್ಯಾವೆಂಡಿಷ್ ಆರಂಭಿಸಿದ ಪುಟ್ಟ ಕೋಟೆಯ ಚಿತ್ರಿತ ಕೋಣೆಗಳೂ, ಅವನ ಮಗ ವಿಲಿಯಂ ಕುದುರೆಗಳನ್ನು ಪಳಗಿಸಲು ಕಟ್ಟಿಸಿದ ಸವಾರಿಮನೆಯೂ ಬಿಡುವಾಗಿ ನೋಡತಕ್ಕವು. ಆತುರವಿದ್ದರೆ ಅದಕ್ಕೆ ಬೇರೊಂದು ದಿನವನ್ನೇ ಇಡುವುದು ಮೇಲು. ಹಾರ್ಡ್‌ವಿಕ್‌ಗೂ ಬೋಲ್ಸೋವರ್‌ಗೂ ಟಿಕೆಟ್ ಬೇಕು, ಚಳಿಗಾಲದಲ್ಲಿ ತೆರೆಯುವ ದಿನಗಳು ಕಡಿಮೆಯಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಸಟನ್ ಸ್ಕಾರ್ಸ್‌ಡೇಲ್‌ಗೆ ಟಿಕೆಟ್ ಇಲ್ಲ. ಆದರೆ ದುರಸ್ತಿಗಾಗಿ ಬೇಲಿ ಹಾಕಿದ್ದರೆ ಹೊರಗಿನಿಂದಲೇ ನೋಡಿ ಬರಬೇಕು. ಉಳಿದಿರುವ ಗಾರೆಯನ್ನಂತೂ ಯಾರೂ ಮುಟ್ಟಕೂಡದು. ಅದು ಮತ್ತೆ ಹುಟ್ಟುವ ವಸ್ತುವಲ್ಲವೆಂದು ಮಕ್ಕಳಿಗೆ ಕಾರಿನಲ್ಲೇ ಹೇಳಿ ಇಳಿಸುತ್ತೇನೆ.