ರಿಸೆಪ್ಶನ್ ಮೇಜಿನ ಕೆಲಸ ಕಲಿಯುವುದು ಹೇಗೆ?

ರಿಸೆಪ್ಶನಿಸ್ಟ್ ಆಗಲು ನಗುಮುಖ ಇದ್ದರೆ ಸಾಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಗು ಬೇಕು, ನಿಜ. ಆದರೆ ಅದು ಬೇಗ ರೂಢಿಯಾಗುತ್ತದೆ. ಯಾರಿಗೆ ಏನು ಹೇಳಬೇಕು, ಯಾರಿಗೆ ಏನು ಹೇಳಬಾರದು ಅನ್ನುವುದು ಅಷ್ಟು ಸುಲಭವಾಗಿ ಬರುವುದಿಲ್ಲ.

ಕಚೇರಿ ತೆರೆಯುವುದಕ್ಕೆ 10-15 ನಿಮಿಷ ಮುಂಚೆಯೇ ಸೀಟಿನಲ್ಲಿರಿ. ಇವತ್ತು ಯಾರು ರಜೆ, ಯಾರು ಹೊರಗಡೆ ಹೋಗಿದ್ದಾರೆ, ಮೀಟಿಂಗ್ ರೂಮ್ ಎಷ್ಟು ಗಂಟೆಗೆ ಯಾರಿಗೆ ಎಂದು ಮೊದಲು ನೋಡಿಕೊಳ್ಳಿ. ಎಕ್ಸ್‌ಟೆನ್ಶನ್ ಪಟ್ಟಿ, ಅಂದರೆ ಯಾರ ಸೀಟಿಗೆ ಯಾವ ಒಳಗಿನ ಫೋನ್ ನಂಬರ್ ಎಂಬ ಪಟ್ಟಿ, ಕಣ್ಣೆದುರಿಗೇ ಇರಲಿ. ಯಾರಾದರೂ ಸೀಟು ಬದಲಿಸಿದರೆ ಅವತ್ತೇ ತಿದ್ದಿಬಿಡಿ.

ಫೋನನ್ನು ಮೂರು ರಿಂಗ್ ಆಗುವುದರೊಳಗೆ ಎತ್ತಿದರೆ ಒಳ್ಳೆಯದು. ನಮಸ್ಕಾರ ಹೇಳಿ, ಸಂಸ್ಥೆಯ ಹೆಸರು, ನಿಮ್ಮ ಹೆಸರು ಹೇಳಿ. ಹೋಲ್ಡ್‌ನಲ್ಲಿ ಇಡುವ ಮುಂಚೆ 'ಇಡಬಹುದಾ?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ರಿಸೀವರ್‌ಗೆ ಕೈ ಅಡ್ಡ ಹಿಡಿದು ಪಕ್ಕದವರ ಜೊತೆ ಮಾತಾಡಬೇಡಿ. ಆ ಕಡೆಯವರಿಗೆ ಕೇಳಿಸುತ್ತದೆ! ಕರೆ ವರ್ಗಾಯಿಸುವಾಗ ಒಳಗಿನವರಿಗೆ ಯಾರು, ಏನು ವಿಷಯ ಎಂದು ತಿಳಿಸಿ, ಆಮೇಲೆ ಕೊಡಿ. ಅವರು ಎತ್ತದಿದ್ದರೆ ನೀವೇ ವಾಪಸ್ ತೆಗೆದುಕೊಂಡು ಸಂದೇಶ ಬರೆದುಕೊಳ್ಳಿ. ಹೆಸರು, ನಂಬರ್, ವಿಷಯ, ಕರೆ ಬಂದ ಸಮಯ, ತಿರುಗಿ ಯಾವಾಗ ಮಾಡಿದರೆ ಸಿಗುತ್ತಾರೆ, ಎಲ್ಲವೂ ಬೇಕು. ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿ, ಸರಿಯಾಗಿದೆಯಾ ಕೇಳಿಕೊಳ್ಳಿ. 'ಯಾರೋ ಫೋನ್ ಮಾಡಿದ್ರು' ಅನ್ನುವ ಚೀಟಿಯಿಂದ ಯಾರಿಗೆ ಏನು ಉಪಯೋಗ?

ಫೋನಿನಲ್ಲಿರುವಾಗ ಯಾರಾದರೂ ಒಳಗೆ ಬಂದರೆ ತಲೆಯಾಡಿಸಿ, ಕೂರುವಂತೆ ಕೈ ತೋರಿಸಿ. ತಮ್ಮನ್ನು ಗಮನಿಸಿದ್ದಾರೆ ಎಂದು ಗೊತ್ತಾದರೆ ಜನ ತಾಳ್ಮೆಯಿಂದಲೇ ಕಾಯುತ್ತಾರೆ.

ಬಂದವರ ಹೆಸರು, ಯಾರನ್ನು ನೋಡಬೇಕು, ಬಂದ ಸಮಯ ಇಷ್ಟನ್ನು ಭೇಟಿಗೆ ಬಂದವರ ಪುಸ್ತಕದಲ್ಲಿ ಬರೆಸಿ, ಬ್ಯಾಡ್ಜ್ ಕೊಡಿ. ಒಳಗಿನವರು 'ಕಳಿಸಿ' ಅನ್ನುವವರೆಗೆ ಒಳಗೆ ಬಿಡಬೇಡಿ. ಎಷ್ಟೇ ಪರಿಚಯದವರಾದರೂ ಅಷ್ಟೇ. ಹೋಗುವಾಗ ಬ್ಯಾಡ್ಜ್ ವಾಪಸ್ ಪಡೆದು, ಹೊರಟ ಸಮಯ ಬರೆಯಿರಿ. ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಬೆಂಕಿ ಬಿದ್ದು ಕಟ್ಟಡ ಖಾಲಿ ಮಾಡಿಸಬೇಕಾಗಿ ಬಂದರೆ, ಹೊರಗಿನವರಲ್ಲಿ ಇನ್ನೂ ಯಾರು ಒಳಗಿದ್ದಾರೆ ಎಂದು ಹುಡುಕುವುದು ಇದೇ ಪುಸ್ತಕದಲ್ಲಿ.

ಇನ್ನು ಮಾಹಿತಿಯ ವಿಷಯ. 'ಅರ್ಜೆಂಟು, ಮ್ಯಾನೇಜರ್ ಮೊಬೈಲ್ ನಂಬರ್ ಕೊಡಿ' ಎಂದು ಯಾರಾದರೂ ಜೋರು ಮಾಡಬಹುದು. ಕೊಡಬೇಡಿ. ಅವರ ನಂಬರ್ ಬರೆದುಕೊಂಡು ಮ್ಯಾನೇಜರ್‌ಗೆ ತಲುಪಿಸಿ. ಅಕೌಂಟ್ಸ್ ಯಾರು ನೋಡಿಕೊಳ್ಳುತ್ತಾರೆ, ಅವರು ಯಾವಾಗ ರಜೆ ಎಂದು ಸುಮ್ನೆ ಮಾತಿಗೆ ಕೇಳಿದಂತೆ ಕೇಳುವವರೂ ಇರುತ್ತಾರೆ. ಮೋಸ ಮಾಡುವವರು ಇಂಥ ಚೂರುಪಾರು ವಿವರಗಳನ್ನೇ ಕೂಡಿಸಿಕೊಂಡು, ಆಮೇಲೆ ಒಳಗಿನವರ ಹಾಗೆ ಮಾತಾಡಿ ಕೆಲಸ ಸಾಧಿಸುತ್ತಾರೆ. ಸಹೋದ್ಯೋಗಿ ಆಸ್ಪತ್ರೆಗೆ ಹೋಗಿದ್ದರೂ 'ಈಗ ಸೀಟಿನಲ್ಲಿಲ್ಲ' ಅಂದರೆ ಸಾಕು, ಅಲ್ವಾ? ಕಂಪ್ಯೂಟರ್ ಪರದೆ ಬಂದವರ ಕಡೆಗೆ ತಿರುಗಿರಬಾರದು. ಭೇಟಿಗೆ ಬಂದವರ ಪುಸ್ತಕವನ್ನೂ ತೆರೆದಿಟ್ಟು ಹೋಗಬೇಡಿ, ಅದರಲ್ಲಿ ಬೇರೆಯವರ ವಿವರಗಳಿರುತ್ತವೆ.

ಸಿಟ್ಟಾಗಿ ಬಂದವರನ್ನು ಮಧ್ಯದಲ್ಲಿ ತಡೆಯಬೇಡಿ, ಪೂರ್ತಿ ಹೇಳಲಿ. ಕೇಳಿದ್ದನ್ನು ಎರಡು ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ. ಅರ್ಧ ದೂರು ಅಲ್ಲಿಗೇ ತಣ್ಣಗಾಗುತ್ತದೆ. 'ಈಗಲೇ ಬರ್ತಾರೆ' ಎಂದು ಸುಳ್ಳು ಭರವಸೆ ಕೊಡುವ ಬದಲು, ವಿಚಾರಿಸಿ ನಿಜವಾದ ಸಮಯ ಹೇಳಿ. ಬೈಗುಳಕ್ಕೆ ಇಳಿದರೆ ಒಬ್ಬರೇ ನಿಭಾಯಿಸಲು ಹೋಗಬೇಡಿ. ಮೇಲಿನವರನ್ನೋ ಸೆಕ್ಯುರಿಟಿಯವರನ್ನೋ ಕರೆಯಿರಿ.

ಕೊರಿಯರ್ ಬಂದಾಗ ಸಹಿ ಮಾಡುವ ಮುಂಚೆ ಲಕೋಟೆ ಹರಿದಿದೆಯಾ, ವಿಳಾಸ ನಮ್ಮದೇನಾ ನೋಡಿ. ಊಟಕ್ಕೆ ಏಳುವಾಗ ಬದಲಿಗೆ ಕೂರುವವರಿಗೆ ಯಾರು ಕಾಯುತ್ತಿದ್ದಾರೆ, ಯಾವ ಕರೆ ಬರಬೇಕಿದೆ ಎಂದು ತಿಳಿಸಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದುಕೊಟ್ಟೇ ಹೋಗಿ.