ಮಕ್ಕಳ ಕೈಗೇ ಜವಾಬ್ದಾರಿ ಕೊಟ್ಟಿರೋ ಸರ್ಕಾರಿ ಶಾಲೆ ನೋಡೋಕೆ ಹೋಗೋದಾದ್ರೆ

ಹೊಸ ಥರ ಕಲಿಸ್ತಾರಂತೆ ಅಂತ ಹೆಸರು ಕೇಳಿ ಇಂಥ ಶಾಲೆಗೆ ಹೋಗೋರು ಸುಮಾರು ಜನ ಬಿಲ್ಡಿಂಗ್ ನೋಡಿ, ಹೆಡ್‌ಮಾಸ್ಟರ್ ರೂಮಲ್ಲಿ ಕೂತು ಮಾತಾಡಿ, ನಾಲ್ಕು ಫೋಟೋ ತಗೊಂಡು ಬಂದ್ಬಿಡ್ತಾರೆ. ಅದ್ರಿಂದ ಏನೂ ಗೊತ್ತಾಗಲ್ಲ. ಅಲ್ಲಿ ಯಾವ್ಯಾವ ತೀರ್ಮಾನ ನಿಜವಾಗ್ಲೂ ಮಕ್ಕಳ ಕೈಲಿದೆ, ನೋಡ್ಬೇಕಾಗಿರೋದು ಅದನ್ನ.

ಮೊದಲೇ ಬರೆದು ಪರ್ಮಿಷನ್ ತಗೊಳಿ, ಫಂಕ್ಷನ್ ಇರೋ ದಿನ ಬೇಡ, ಮಾಮೂಲಿ ದಿನವೇ ಬರ್ತೀವಿ ಅಂತ ಕೇಳಿ. ಇಬ್ರು ಮೂವರು ಸಾಕು, ದೊಡ್ಡೋರ ಗುಂಪು ಕ್ಲಾಸಿಗೆ ನುಗ್ಗಿದ್ರೆ ಮಕ್ಕಳ ಗಮನ ಎಲ್ಲಾ ನಮ್ಮ ಮೇಲೇ ಇರತ್ತೆ.

ಶಾಲೆ ತೋರಿಸೋಕೆ ಸಾಧ್ಯ ಆದ್ರೆ ಒಬ್ಬ ವಿದ್ಯಾರ್ಥೀನೇ ಜೊತೆಗೆ ಕಳಿಸಿ ಅಂತ ಕೇಳ್ಕೊಳಿ. ಪೋರ್ಚುಗಲ್‌ನ ಎಸ್ಕೋಲಾ ದ ಪೋಂಟೆ ಅನ್ನೋ ಸರ್ಕಾರಿ ಶಾಲೇಲಿ ಬಂದೋರಿಗೆ ಎಲ್ಲಾ ತೋರಿಸೋದು ಮಕ್ಕಳೇ. 1976ರಲ್ಲಿ ಅಲ್ಲಿನ ಬದಲಾವಣೆ ಶುರುವಾಗಿದ್ದು. ಒಂದನೇ ಕ್ಲಾಸು ಎರಡನೇ ಕ್ಲಾಸು ಅನ್ನೋ ವಿಂಗಡಣೆನೇ ಇಲ್ಲ, ಸಹಾಯ ಬೇಕಾದೋರು ಒಂದು ಪಟ್ಟೀಲಿ ಹೆಸರು ಬರೀತಾರೆ, ಇದನ್ನ ನಾನು ಹೇಳ್ಕೊಡ್ತೀನಿ ಅನ್ನೋರು ಇನ್ನೊಂದು ಪಟ್ಟೀಲಿ, ಪಾಠ ಬಂತು ಅನ್ಸಿದಾಗ ನಂಗೆ ಪರೀಕ್ಷೆ ಕೊಡಿ ಅಂತ ಮಗುವೇ ಕೇಳತ್ತೆ. ಶಾಲೆಯ ನಿಯಮಗಳ ಬಗ್ಗೆ ಮಕ್ಕಳ ಸಭೇಲೇ ಚರ್ಚೆ. ಇಂಥ ಪಟ್ಟಿಗಳು ನೀವು ಹೋದ ಕಡೆ ಇದ್ರೆ ಹತ್ರ ಹೋಗಿ ಓದಿ, ಬೇರೆ ಬೇರೆ ಕೈಬರಹ ಇದ್ಯಾ, ಹೊಡೆದು ಹಾಕಿರೋ ಹೆಸರುಗಳಿದ್ಯಾ, ಇವತ್ತಿನ ವಿಷಯ ಇದ್ಯಾ ನೋಡಿ. ಎಲ್ಲಾ ಒಂದೇ ಅಕ್ಷರದಲ್ಲಿ ನೀಟಾಗಿದ್ರೆ ಅದು ನಿಮಗೋಸ್ಕರ ಅಂಟಿಸಿದ್ದು ಅಂತ ಅರ್ಥ.

ಆಮೇಲೆ ಯಾವುದಾದ್ರೂ ಮಗು ಪಕ್ಕ ನೆಲದ ಮೇಲೇ ಕೂತ್ಕೊಂಡು ಕೇಳಿ, ಏನ್ ಮಾಡ್ತಿದೀಯಾ ಪುಟ್ಟ, ಇದನ್ನೇ ಯಾಕೆ ಆರಿಸ್ಕೊಂಡೆ, ಮುಗೀತು ಅಂತ ಯಾರು ಹೇಳ್ತಾರೆ. ಎಲ್ಲದಕ್ಕೂ ಮಿಸ್ ಹೇಳಿದ್ರು ಅಂತಲೇ ಉತ್ತರ ಬಂದ್ರೆ ಯೋಚ್ನೆ ಮಾಡ್ಬೇಕಾದ್ದೇ. ಮೊದಲನೇ ಸಲ ಬರೆದಿದ್ದು ತೋರಿಸ್ತೀಯಾ ಅಂತಾನೂ ಕೇಳಿ. ಕಾಟು ಹೊಡೆದ ಸಾಲು, ಮಾರ್ಜಿನ್‌ನಲ್ಲಿ ಫ್ರೆಂಡ್ ಬರೆದ "ಇದು ಅರ್ಥ ಆಗ್ಲಿಲ್ಲ", ಅದನ್ನ ತಿದ್ದಿ ಮತ್ತೆ ಬರೆದ ಪುಟ, ಇದೆಲ್ಲ ಕಂಡ್ರೆ ನಂಗೆ ಗೋಡೆ ಮೇಲಿರೋ ಯಾವ ಚಾರ್ಟಿಗಿಂತಲೂ ಜಾಸ್ತಿ ನಂಬಿಕೆ ಬರತ್ತೆ.

ಟೀಚರ್‌ಗಳನ್ನ ಕೇಳಲೇಬೇಕಾದ ಪ್ರಶ್ನೆ ಒಂದಿದೆ, ತನಗೇನಿಷ್ಟ ಅಂತಲೇ ಗೊತ್ತಿಲ್ಲದ ಮಗುವಿಗೆ ಏನ್ ಮಾಡ್ತೀರಾ? ಆಸಕ್ತಿ ಇರೋ ಮಗು ಎಲ್ಲಿದ್ರೂ ಕಲಿಯತ್ತೆ ಬಿಡಿ, ಸುಮ್ನೆ ಮೂಲೇಲಿ ಕೂರೋ ಮಗೂನ ಯಾರು ಮಾತಾಡಿಸ್ತಾರೆ ಅನ್ನೋದು ಮುಖ್ಯ. ಅಮೆರಿಕಾದ ಪ್ರಾವಿಡೆನ್ಸ್‌ನಲ್ಲಿ 1996ರಲ್ಲಿ ಶುರುವಾದ ಮೆಟ್ ಅನ್ನೋ ಪಬ್ಲಿಕ್ ಹೈಸ್ಕೂಲಲ್ಲಿ ಒಬ್ಬ ಟೀಚರ್ ಒಂದು ಸಣ್ಣ ಗುಂಪಿನ ಜೊತೆ ವರ್ಷಗಟ್ಟಲೆ ಇರ್ತಾರೆ, ಮಕ್ಕಳು ವಾರಕ್ಕೆ ಎರಡು ದಿನ ಹೊರಗಡೆ ನಿಜವಾದ ಕೆಲಸದ ಜಾಗಕ್ಕೆ ಹೋಗಿ ಕಲೀತಾರೆ, ಆಮೇಲೆ ಮನೆಯವರ ಎದುರೇ ನಿಂತು ಏನ್ ಕಲ್ತ್ವಿ ಅಂತ ವಿವರಿಸ್ತಾರೆ. ನೀವು ಹೋಗೋ ಶಾಲೇಲೂ ಅಂಥ ಪ್ರದರ್ಶನ ಇದ್ರೆ ಒಂದಾದ್ರೂ ಕೂತು ನೋಡಿ.

ಟೀಚರ್ ಇಲ್ದಿದ್ದಾಗ ಕಾರಿಡಾರಲ್ಲಿ ಏನಾಗತ್ತೆ, ನಿಯಮ ಮುರಿದ್ರೆ ಯಾರು ಕೂತು ಮಾತಾಡ್ತಾರೆ, ಇದನ್ನೂ ಗಮನಿಸಿ. ಅಡ್ಮಿಷನ್ ಹೇಗೆ, ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು ಅಂತ ಕೇಳೋಕೆ ಸಂಕೋಚ ಬೇಡ, ಮಕ್ಕಳನ್ನ ಆರಿಸಿ ತಗೊಳೋ ಶಾಲೆಗೂ ಎಲ್ಲರನ್ನೂ ಸೇರಿಸ್ಕೊಳೋ ಶಾಲೆಗೂ ಬಹಳ ವ್ಯತ್ಯಾಸ ಇರತ್ತೆ.

ಬಂದ ದಿನ ಸಂಜೇನೇ ಎಲ್ಲಾ ಬರೆದಿಟ್ಕೊಳಿ. ನಿಮ್ಮ ಶಾಲೇಲಿ ಏನಾದ್ರೂ ಶುರು ಮಾಡೋದಾದ್ರೆ ಒಂದೇ ಒಂದು ವಿಷಯ ಎತ್ಕೊಳಿ, ಅದಕ್ಕೆ ಜಾಗ ಮಾಡೋಕೆ ನೀವು ನೋಡಿ ಬಂದ ಶಾಲೆಯವರು ಏನನ್ನ ಕೈಬಿಟ್ರು ಅಂತ ಮೊದಲು ಅವರಿಗೆ ಬರೆದು ಕೇಳಿ. ನಿಮ್ಮನ್ನ ಸುತ್ತಾಡಿಸಿದ ಮಗುವಿಗೂ ಒಂದು ಥ್ಯಾಂಕ್ಸ್ ಪತ್ರ ಕಳಿಸಿ, ಏನಿಷ್ಟ ಆಯ್ತು ಅಂತ ನಿರ್ದಿಷ್ಟವಾಗಿ ಬರೀರಿ.